ಇಂಗ್ಲಿಷ್ ಒಡಪು

ಟೆಕ್ಸಸ್‌ನ ಅಲೆನ್‌ನಲ್ಲಿ ನಮ್ಮ ಮನೆಗೆ ಹತ್ತಿರದ ದಿನಸಿ ಅಂಗಡಿಯಲ್ಲಿ ಆ ಹಾಡು ಬಂತೆಂದರೆ ಇವರು ತಳ್ಳುಗಾಡಿಯನ್ನು ಇದ್ದಲ್ಲೇ ಬಿಟ್ಟು ಹೊರಗೆ ನಡೆದುಬಿಡುತ್ತಿದ್ದರು. ಹಾಲು, ಕೊತ್ತಂಬರಿ, ಬದನೆಕಾಯಿ ಎಲ್ಲ ಅದರಲ್ಲೇ. ನಾನು ಒಬ್ಬಳೇ ಉಳಿದದ್ದನ್ನು ಆರಿಸಿ, ಬಿಲ್ ಮಾಡಿಸಿ, ಚೀಲ ಹೊತ್ತು ಪಾರ್ಕಿಂಗ್ ಲಾಟಿಗೆ ಬಂದರೆ ಇವರು ಕಾರಿಗೆ ಒರಗಿಕೊಂಡು, ಯಾರಿಂದಲೋ ಬೈಸಿಕೊಂಡವರ ಹಾಗೆ ಮುಖ ಕೆಂಪು ಮಾಡಿಕೊಂಡು ನಿಂತಿರುತ್ತಿದ್ದರು.

"ಅದು ಹಾಡಲ್ಲ. ಹಾಡಿನ ಹೆಣಕ್ಕ ಪೌಡರ್ ಹಚ್ಚ್ಯಾರ" ಎನ್ನುತ್ತಿದ್ದರು.

ಮೂಲ ಹಾಡು ಇಂಗ್ಲೆಂಡಿನದು. ಅಲ್ಲಿನ ಯಾವುದೋ ಹೊಗೆ ಹಿಡಿದ ಊರಿನ ಹುಡುಗರು ಅಮೆರಿಕದ ಕಪ್ಪು ಗಾಯಕರ ಸೋಲ್ ಸಂಗೀತಕ್ಕೆ ಮರುಳಾಗಿ, ಅದಕ್ಕೆ ತಮ್ಮ ರಾಕ್ ಗಿಟಾರು ಬೆರೆಸಿ ಹಾಡಿದ್ದು. ಆ ಕಾಲಕ್ಕೆ ಬಹಳ ಓಡಿತಂತೆ. ಹಾಡುವವನ ಗಂಟಲು ಒಡೆದು ಹೋಗಿದೆಯೇನೋ ಅನ್ನಿಸುತ್ತದೆ. ಒಬ್ಬ ಹೆಣ್ಣನ್ನು ಹೋಗಬೇಡ ಎಂದು ಬೇಡಿಕೊಳ್ಳುತ್ತಾನೆ, ಬೇಡಿಕೊಳ್ಳುತ್ತ ಸಿಟ್ಟಾಗುತ್ತಾನೆ, ಮತ್ತೆ ಬೇಡಿಕೊಳ್ಳುತ್ತಾನೆ. ಇವರಿಗೆ ಆ ಹಾಡು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನ ಕ್ಯಾಸೆಟ್ಟಿನಲ್ಲಿ ಸಿಕ್ಕಿತ್ತು. ಬಹಳ ವರ್ಷಗಳ ಮೇಲೆ ಅದನ್ನೇ ಒಬ್ಬ ಹೆಂಗಸು ಮತ್ತೆ ಹಾಡಿದಳು. ಯಂತ್ರದ ಡ್ರಮ್ಮು, ಯಂತ್ರದ ಪಿಟೀಲು, ದನಿಯಲ್ಲಿ ಗೊಗ್ಗರು ಎಂಬುದೇ ಇಲ್ಲ. ಅಂಗಡಿಗಳಲ್ಲಿ, ದಂತವೈದ್ಯರ ಹತ್ತಿರ, ಏರ್‌ಪೋರ್ಟಿನಲ್ಲಿ ಬರುವುದು ಈ ಎರಡನೆಯದೇ. ನಮ್ಮ ಮಗಳು ಆಸ್ಟಿನ್‌ನಲ್ಲಿದ್ದಾಳೆ. ಅವಳಿಗೆ ಇದೇ ಮೂಲ. ಹಾಗಲ್ಲ ಎಂದು ಇವರು ಅವಳಿಗೆ ಎಷ್ಟು ಸಲ ಹೇಳಿದ್ದಾರೋ ದೇವರಿಗೇ ಗೊತ್ತು.

ನನಗೆ ಎರಡನೆಯದೇ ಇಷ್ಟ. ಲೂಯಿಸ್‌ವಿಲ್‌ನ ನಮ್ಮ ಮೊದಲ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವಾಗ ರೇಡಿಯೋದಲ್ಲಿ ಅದನ್ನು ಕೇಳಿದ್ದೆ. ಆ ಹೆಂಗಸು ಬೇಡಿಕೊಳ್ಳುವುದಿಲ್ಲ. ಇರುವುದಾದರೆ ಇರು, ನನಗೆ ಬೇರೆ ಕೆಲಸವಿದೆ ಎನ್ನುವವಳ ಹಾಗೆ ಹಾಡುತ್ತಾಳೆ. ಒಮ್ಮೆ ಇವರೆದುರು ಬಾಯಿಬಿಟ್ಟು ಹೇಳಿದೆ. ವಾರಗಟ್ಟಲೆ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡೇ ಓಡಾಡಿದರು.

ಅಷ್ಟಕ್ಕೆಲ್ಲ ಸಿಟ್ಟೇಕೆ ಎಂದು ಕೇಳುವವರಿಗೆ ನಮ್ಮ ಮದುವೆಯ ಕಥೆ ಹೇಳಬೇಕು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹಳೆಯ ಮನೆಗಳಲ್ಲಿ ಗಂಡನೂ ಹೆಂಡತಿಯ ಹೆಸರು ಕರೆಯುವುದಿಲ್ಲ. ಆದರೆ ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ನಾದಿನಿಯೋ ಅತ್ತಿಗೆಯೋ ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಕಾಡುತ್ತಾರೆ. ಆಗ ಇಬ್ಬರೂ ಒಂದೊಂದು ಪ್ರಾಸದ ಸಾಲು ಕಟ್ಟಿ, ಅದರೊಳಗೆ ಇನ್ನೊಬ್ಬರ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ, ಎಂಥದೋ ಒಂದು ಇಟ್ಟು ಪ್ರಾಸ ಹೊಂದಿಸಿದರೆ ಆಯಿತು. ನಾನು ಅಕ್ಕನ ಹತ್ತಿರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಇವರು ಏನೂ ತಯಾರಿ ಮಾಡಿಕೊಂಡಿರಲಿಲ್ಲ. ಇವರ ಅಕ್ಕ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ನಿಂತಳು. ಹಿಂದೆ ಹೆಂಗಸರ ಗುಂಪು. ಇವರು ಬೆವರಿದರು, ಪೇಟ ಸರಿಮಾಡಿಕೊಂಡರು, ಮತ್ತೆ ಕಣ್ಣು ಮುಚ್ಚಿ ಆ ಇಂಗ್ಲಿಷ್ ಹಾಡಿನ ಪಲ್ಲವಿಯನ್ನು ಗಂಟಲು ಹರಿಯುವಂತೆ ಹಾಡಿಬಿಟ್ಟರು. ಹಾಡಿನಲ್ಲಿ ಅವನು ಆ ಹೆಣ್ಣನ್ನು ಕೂಗಿ ಕರೆಯುವ ಜಾಗದಲ್ಲಿ ನನ್ನ ಹೆಸರು.

ಒಂದು ಕ್ಷಣ ಯಾರಿಗೂ ಏನಾಯಿತೆಂದೇ ತಿಳಿಯಲಿಲ್ಲ. ನಮ್ಮ ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು, "ಏನ ಬೇ ಇದು, ಇಂಗ್ಲಿಷ್ ಒಡಪು!" ಎಂದಳು. ಆಮೇಲಿನ ನಗು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ನಾಚಿಕೆಯಿಂದ ನಾನು ಸೇರು ಒದೆಯುವುದನ್ನೇ ಮರೆತು ಅದರ ಮೇಲೆ ಹಾದು ಒಳಗೆ ಹೋದೆ.

ಅದೇ ಮೊದಲು, ಅದೇ ಕೊನೆ. ಆಮೇಲೆ ಇವರ ಬಾಯಲ್ಲಿ ನಾನು 'ಏ', 'ಕೇಳಿಲ್ಲಿ', ಮಗಳು ಹುಟ್ಟಿದ ಮೇಲೆ 'ನಿಮ್ಮವ್ವ', ಫೋನಿನಲ್ಲಿ ಪರರ ಹತ್ತಿರ 'ನಮ್ಮಾಕಿ'. ಡಾಲಸ್‌ನ ಗೆಳತಿಯರು, ಬೆಂಗಳೂರು ಮೈಸೂರಿನ ಕಡೆಯವರು, ತಮ್ಮ ಗಂಡಂದಿರನ್ನು ಹೋಗೋ ಬಾರೋ ಎಂದು ಹೆಸರು ಹಿಡಿದು ಕೂಗುವಾಗ ನನಗೆ ನಗುವೂ ಬರುತ್ತಿತ್ತು, ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು. ಅದಕ್ಕಾಗಿ ಯಾರೂ ಜಗಳವಾಡುವುದಿಲ್ಲ. ಅಡುಗೆ, ಕೆಲಸ, ಮನೆಯ ಕಂತು, ಮಗಳ ಓದು, ಇಷ್ಟರಲ್ಲಿ ಹೆಸರು ಯಾರಿಗೆ ಬೇಕಾಗಿತ್ತು?

ಬೇಕಾದದ್ದು ಹೋದ ವರ್ಷ.

ಇವರ ದನಿ ಒಡೆಯಿತು. ಮೊದಲು ಸೀಡರ್ ಮರದ ಅಲರ್ಜಿ ಎಂದುಕೊಂಡೆವು. ಟೆಕ್ಸಸ್‌ನಲ್ಲಿ ಎಲ್ಲದಕ್ಕೂ ಅದನ್ನೇ ದೂರುವುದು ರೂಢಿ. ಆಮೇಲೆ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಎಂದರು. ಡಾಲಸ್‌ನಲ್ಲೇ ರೇಡಿಯೇಶನ್ ಆಯಿತು, ಹೋಯಿತು ಎಂದುಕೊಂಡೆವು, ಮತ್ತೆ ಬಂತು. ಈ ಸಲ ಹ್ಯೂಸ್ಟನ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರ್ ಸುತ್ತಿ ಬಳಸಿ ಮಾತಾಡಲಿಲ್ಲ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಉಸಿರಾಟ ಕುತ್ತಿಗೆಯ ತೂತಿನಿಂದ, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಅಲೆನ್‌ನಿಂದ ಹ್ಯೂಸ್ಟನ್‌ಗೆ ಹೋಗಿ ಬರುವುದೆಂದರೆ ಒಂದು ದಿನ ಸತ್ತ ಹಾಗೆ. ಟ್ರಕ್ಕುಗಳ ನಡುವೆ ನೇರ ರಸ್ತೆ, ನೋಡಲು ಏನೂ ಇಲ್ಲ. ಇವರು ಇದೇ ರಾಜ್ಯದ ಹೆದ್ದಾರಿಗಳನ್ನು ಕಟ್ಟಿ ರಿಟೈರ್ ಆದವರು. ಮೊದಲೆಲ್ಲ ರಸ್ತೆಯ ಪ್ರತಿಯೊಂದು ಜಾಯಿಂಟಿಗೂ ಟೀಕೆ ಇರುತ್ತಿತ್ತು. ಈಗ ದನಿ ಹರಿದದ್ದರಿಂದ ಚಕ್ರ ಟಕ್ ಎಂದಾಗಲೆಲ್ಲ ನನ್ನ ಕಡೆ ತಿರುಗಿ ಹುಬ್ಬು ಮಾತ್ರ ಏರಿಸುತ್ತಿದ್ದರು. ಡ್ರೈವ್ ಮಾಡಿ ಮಾಡಿ ನನ್ನ ಬೆನ್ನು ಮರಗಟ್ಟಿತ್ತು. ದಾರಿಯ ದೊಡ್ಡ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಮನೆಯಿಂದ ತಂದ ಮೊಸರನ್ನವನ್ನು ಕಾರಿನಲ್ಲೇ ತಿನ್ನುವುದು, ಮತ್ತೆ ಹೊರಡುವುದು.

ಮೊದಲ ಸಲ ಹೋದಾಗ ಇವರನ್ನು ಸ್ಕ್ಯಾನಿಗೆ ಒಳಗೆ ಕರೆದೊಯ್ದರು. ಕೌಂಟರಿನ ಹುಡುಗಿ ನನ್ನನ್ನು ಕೇಳಿದಳು, ನಿಮ್ಮ ಪೇಶೆಂಟಿನ ಹೆಸರೇನು? ನಾನು ಸುಮ್ಮನೆ ಇವರ ಲೈಸೆನ್ಸ್ ಕಾರ್ಡ್ ಮುಂದಿಟ್ಟೆ. ಎಲ್ಲ ಕಡೆ ಅದೇ ನನ್ನ ಉಪಾಯ. ಅವಳು ಕಾರ್ಡನ್ನು ಹಿಂದಕ್ಕೆ ಸರಿಸಿ, ಬಾಯಿಂದ ಹೇಳಬೇಕು, ಅದು ನಿಯಮ ಎಂದಳು. ನಾನು ಮತ್ತೆ ಕಾರ್ಡ್ ತಳ್ಳಿದೆ. ಅವಳು ನನ್ನ ಸೀರೆ ನೋಡಿದಳು, ಮುಖ ನೋಡಿದಳು, ಬಹಳ ಮೃದುವಾಗಿ ಒಂದು ಟ್ಯಾಬ್ಲೆಟ್ ತಂದು ಎದುರಿಟ್ಟಳು. ತೆರೆಯ ಮೇಲೆ ಒಬ್ಬ ದುಭಾಷಿ ಹೆಂಗಸು ಕೈ ಮುಗಿದು, ಹಿಂದಿಯಲ್ಲಿ, ನಿಮ್ಮ ಪತಿಯ ಶುಭನಾಮ ಏನು ಎಂದು ಕೇಳಿದಳು.

ನಾನು ಪ್ಲೇನೋದ ಲ್ಯಾಬಿನಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿ ತಲೆಗೂದಲು ಹಣ್ಣಾಗುವವರೆಗೆ ಕೆಲಸ ಮಾಡಿದವಳು. ಇಂಗ್ಲಿಷಿನಲ್ಲೇ ರಿಪೋರ್ಟು ಬರೆದವಳು, ಇಂಗ್ಲಿಷಿನಲ್ಲೇ ಜಗಳವಾಡಿದವಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಜ್ಜಿ ಹೇಳಿದ್ದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಕಟ್ಟಡದಲ್ಲಿ, ಆ ದಿನ, ನಾಲಿಗೆ ಏಳಲಿಲ್ಲ. ಹಿಂದಿಯಲ್ಲೂ ಏಳಲಿಲ್ಲ. ಅಷ್ಟರಲ್ಲಿ ಇವರೇ ಹೊರಗೆ ಬಂದರು. ನೋಡಿದರು, ಅರ್ಥವಾಯಿತು, ಆ ಹರಿದ ದನಿಯಲ್ಲಿ ತಮ್ಮ ಹೆಸರು ತಾವೇ ಹೇಳಿದರು. ಲಿಫ್ಟಿನಲ್ಲಿ ಗೋಡೆ ಹಿಡಿದು ನಕ್ಕರು.

"ನಿಂಗ ಹಿಂದೀನೂ ಬರಂಗಿಲ್ಲಂತ ತಿಳೀತು ಅವ್ರಿಗೆ" ಎಂದರು. ನನಗೆ ನಗು ಬರಲಿಲ್ಲ. ಬರುವ ದಿನಗಳಲ್ಲಿ ಈ ಹೆಸರು ಹೇಳುವವರು ಯಾರು ಎಂದು ಯೋಚಿಸುತ್ತಿದ್ದೆ.

ಆಪರೇಷನ್ನಿಗೆ ಮೊದಲು ಅಲ್ಲಿನ ಸ್ಪೀಚ್ ಥೆರಪಿಸ್ಟ್ ಹೇಳಿದಳು, ನಿಮ್ಮ ದನಿಯಲ್ಲಿ ಏನಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮನೆಯವರಿಗೆ ಬೇಕಾಗುತ್ತದೆ. ಮಗಳು ಆಸ್ಟಿನ್‌ನಿಂದ ಬಂದು ಫೋನ್ ಹಿಡಿದು ಕೂತಳು. ಇವರು ಆಫೀಸಿನ ಮೀಟಿಂಗಿಗೆ ಕೂತವರ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದರು: ಚಹಾ ಮಾಡು. ಫ್ಯಾನ್ ಬಂದ್ ಮಾಡು. ಕಾರಿಗೆ ಆಯಿಲ್ ಹಾಕಿಸಬೇಕು. ಗ್ಯಾರೇಜಿನ ಬಾಗಿಲು ಹಾಕಿದ್ಯೋ ಇಲ್ಲೋ. ಮಗಳು ನಗುತ್ತ, "ಅಪ್ಪ, ಸಮ್‌ಥಿಂಗ್ ನೈಸ್, ಪ್ಲೀಸ್" ಎಂದಳು. ಇವರು ಯೋಚಿಸಿ, "ಉಪ್ಪಿಟ್ಟು ಛಲೋ ಆಗೇತಿ" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಕಾದೆ. ಹೆಸರು ಬರಲಿಲ್ಲ.

ಆಪರೇಷನ್ನಿಗೆ ಹೋಗುವ ದಾರಿಯಲ್ಲಿ ನಾನೇ ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. "ಒಮ್ಮೆ ನನ್ನ ಹೆಸರು ಹೇಳ್ರಿ. ನಿಮ್ಮ ದನಿಯೊಳಗ."

ಇವರು ಕಿಟಕಿಯ ಕಡೆ ನೋಡುತ್ತಿದ್ದರು. "ನಾ ಏನ್ ಸಾಯಾಕ ಹೊಂಟೇನೇನು?"

"ಸಾಯಾಕ ಅಂತ ಯಾರಂದ್ರು? ಒಮ್ಮೆ ಕರೀರಿ ಅಂದೆ."

"ಬ್ಯಾಡ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಹಂಗ ಕರದ್ರ, ಕಡೀ ಸಲ ಕರದಂಗ ಆಗತೈತಿ" ಎಂದರು.

ನನಗೆ ವಿಪರೀತ ಸಿಟ್ಟು ಬಂತು. ರೇಡಿಯೋ ಹಾಕಿದೆ, ಆರಿಸಿದೆ. ಇಷ್ಟು ವರ್ಷ ಬೇಯಿಸಿ ಹಾಕಿದವಳಿಗೆ ನಾಲ್ಕಕ್ಷರದ ಹೆಸರು ಕೊಡಲು ಇಷ್ಟೊಂದು ಜಿಪುಣತನವೇ? ಆಸ್ಪತ್ರೆಯಲ್ಲಿ ಗಾಲಿಮಂಚದ ಮೇಲೆ ಒಳಗೆ ತಳ್ಳಿಕೊಂಡು ಹೋಗುವಾಗ ನನ್ನ ಕೈ ಹಿಡಿದರು, ಬಾಯಿ ತೆರೆದರು. ನಾನು ಬಗ್ಗಿದೆ.

"ಪಾರ್ಕಿಂಗ್ ಟಿಕೆಟ್ ಜ್ವಾಕಿ" ಎಂದರು. ಬಾಗಿಲು ಮುಚ್ಚಿತು. ಅದೇ ಆ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು.

ಮಗಳು ಕಾಫಿ ತರಲು ಹೋಗಿದ್ದಾಗ ಮತ್ತೆ ಅದೇ ಕೌಂಟರು, ಬೇರೆ ಹುಡುಗಿ, ಅದೇ ಪ್ರಶ್ನೆ. ಒಳಗಿನಿಂದ ಫೋನ್ ಬಂದಿದೆ, ಡಾಕ್ಟರ್ ನಿಮ್ಮ ಹತ್ತಿರ ಮಾತಾಡಬೇಕಂತೆ, ಪೇಶೆಂಟಿನ ಹೆಸರು ಹೇಳಿ. ಕಾರ್ಡ್ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ. ಒಳಗೆ ಇವರ ಗಂಟಲು ತೆರೆದಿಟ್ಟುಕೊಂಡು ನಿಂತವನೊಬ್ಬ ನನಗಾಗಿ ಕಾಯುತ್ತಿದ್ದ. ನಾನು ಹೆಸರು ಹೇಳಿದೆ. ಪ್ರಾಸವಿಲ್ಲ, ಬೆಳ್ಳಿ ಬಟ್ಟಲಿಲ್ಲ, ಬರೀ ಹೆಸರು. ಬೇಕಾದ್ದಕ್ಕಿಂತ ಜೋರಾಗಿ ಬಂತು, ಕೂತವರು ತಿರುಗಿ ನೋಡಿದರು. ಆಯುಷ್ಯದ ಮಾತು ಸುಳ್ಳು, ಸುಳ್ಳು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಫೋನ್ ತೆಗೆದುಕೊಂಡೆ. ಎಲ್ಲ ಸರಿಯಾಗಿ ನಡೆದಿದೆ, ಹೊಲಿಗೆ ಹಾಕುತ್ತಿದ್ದೇವೆ ಎಂದ ಡಾಕ್ಟರ್. ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಅಳು ಬಂತು ಎಂದು ಹೇಳಲಾರೆ. ಅಷ್ಟು ಶಕ್ತಿಯೂ ಇರಲಿಲ್ಲ.

ಆಮೇಲಿನ ತಿಂಗಳುಗಳನ್ನು ನೆನೆಯಲು ಇಷ್ಟವಿಲ್ಲ. ಟ್ಯೂಬು, ಕಫ, ತೂತಿನ ಸುತ್ತ ಒರೆಸುವ ಹತ್ತಿ, ಮಿಕ್ಸಿಯಲ್ಲಿ ಅರೆದ ಅನ್ನ. ಏನಾದರೂ ಬೇಕಾದರೆ ಇವರು ಚಮಚದಿಂದ ಮಂಚಕ್ಕೆ ಬಡಿಯುತ್ತಿದ್ದರು. ನಾನು ಓಡುತ್ತಿದ್ದೆ. ಮೊದಲು 'ಏ' ಆಗಿದ್ದವಳು ಈಗ 'ಟಣ್' ಆಗಿದ್ದೆ. ಸೌತ್‌ಲೇಕ್‌ನ ಗೆಳತಿಯೊಬ್ಬಳು ಸಾರು ಕೊಡಲು ಬಂದಾಗ ಹಾಗೆಂದು ಹೇಳಿ ಇಬ್ಬರೂ ನಕ್ಕೆವು, ನಗುತ್ತಿದ್ದಂತೆ ನನಗೆ ಎಲ್ಲ ಸಾಕಾಗಿ ಹೋಗಿದೆ ಅನ್ನಿಸಿತು.

ಥೆರಪಿಸ್ಟ್ ಒಂದು ಯಂತ್ರ ಕೊಟ್ಟಿದ್ದಳು. ಸಣ್ಣ ಟಾರ್ಚಿನಷ್ಟಿರುತ್ತದೆ, ಕುತ್ತಿಗೆಗೆ ಒತ್ತಿ ಬಟನ್ ಅದುಮಿ ಬಾಯಾಡಿಸಿದರೆ ಗುಂಯ್ ಎನ್ನುವ ದನಿಯಲ್ಲಿ ಮಾತು ಬರುತ್ತದೆ. ಏರಿಲ್ಲ, ಇಳಿವಿಲ್ಲ, ಎಲ್ಲ ಒಂದೇ ಸ್ವರ. ಮನೆಯಲ್ಲಿ ಇವರು ಅದನ್ನು ಒಂದೇ ಸಲ ಹಚ್ಚಿ, ತಮ್ಮ ದನಿ ತಾವೇ ಕೇಳಿ, ಮೇಜಿನ ಡ್ರಾಯರಿನೊಳಗೆ ಎಸೆದರು. ಕಾಗದದ ಮೇಲೆ ಬರೆದು ತೋರಿಸಿದರು: ಇದು ಅಂಗಡಿಯ ಹಾಡು. ನನಗೆ ತಕ್ಷಣ ಅರ್ಥವಾಯಿತು. ಜೀವಮಾನವಿಡೀ ಯಾವುದನ್ನು ಬೈದರೋ ಅದೇ ಈಗ ಅವರ ಗಂಟಲಿಗೆ ಬಂದು ಕೂತಿತ್ತು. ಮಗಳು ಫೋನಿನಲ್ಲಿ, "ಹಿ ಹ್ಯಾಸ್ ಟು ಪ್ರಾಕ್ಟಿಸ್, ಅಮ್ಮ" ಎನ್ನುತ್ತಿದ್ದಳು. ನಿಮ್ಮಪ್ಪನಿಗೆ ನೀನೇ ಬಂದು ಹೇಳು ಎಂದು ನಾನು ಫೋನಿಡುತ್ತಿದ್ದೆ. ಹೇಳಿ ಹೇಳಿ ನನ್ನ ಬಾಯಿಯೂ ಸೋತಿತ್ತು. ಇವರು ಮಾತ್ರ ದಿನಾ ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂರತೊಡಗಿದ್ದರು; ಹಳೆಯ ಸಾಮಾನು ಜೋಡಿಸುತ್ತಾರೆ ಎಂದುಕೊಂಡಿದ್ದೆ.

ಬೇಸಿಗೆ ಶುರುವಾಗುವ ಮೊದಲು ಮಗಳು ಆಸ್ಟಿನ್‌ನಲ್ಲಿ ಒಂದು ಚಿಕ್ಕ ಮನೆ ಕೊಂಡಳು. ಪೂಜೆ ಸಣ್ಣದಾಗಿ ಮಾಡಿಸುತ್ತೇನೆ, ನೀವಿಬ್ಬರೂ ಕಲಶ ಹಿಡಿದು ಮೊದಲು ಒಳಗೆ ಬರಬೇಕು ಎಂದಳು. ಇವರು ಬರುವುದಿಲ್ಲ ಎಂದು ಕೈಯಾಡಿಸಿದರು. ಜನರೆದುರು ಕುತ್ತಿಗೆಯ ತೂತು ಮುಚ್ಚಿಕೊಂಡು ಮೂಕನ ಹಾಗೆ ನಿಲ್ಲುವುದು ಅವರಿಗೆ ಬೇಡವಾಗಿತ್ತು. ಹೊರಡುವ ದಿನ ಬೆಳಿಗ್ಗೆ ನಾನು ಒಬ್ಬಳೇ ಕಾರು ಸ್ಟಾರ್ಟ್ ಮಾಡಿದಾಗ ಬಂದು ಪಕ್ಕದಲ್ಲಿ ಕೂತರು. ಕುತ್ತಿಗೆಗೆ ನನ್ನದೊಂದು ರೇಷ್ಮೆ ಸ್ಕಾರ್ಫು.

ಆಸ್ಟಿನ್‌ನಲ್ಲಿ ಮಗಳ ನಾಲ್ಕಾರು ಗೆಳೆಯರು, ನಮ್ಮ ಹಳೆಯ ಪರಿಚಯದ ಲೂಯಿಸ್‌ವಿಲ್ ಆಂಟಿ. ಮಗಳು ಚಿಕ್ಕಂದಿನಿಂದ ಆಂಟಿ ಎನ್ನುತ್ತಿದ್ದುದರಿಂದ ನಮಗೂ ಆಕೆ ಆಂಟಿಯೇ. ಗದಗಿನ ಕಡೆಯವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ನಾನು ತುಂಬಿದ ಕೊಡ ಹಿಡಿದು, ಇವರು ದೀಪ ಹಿಡಿದು ಬಾಗಿಲಿಗೆ ಬಂದೆವು. ಆಂಟಿ ಒಳಗಿನಿಂದ ಓಡಿ ಬಂದವಳೇ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಹೆಸ್ರು ಹೇಳದ ಬಿಡಂಗಿಲ್ರೀ! ಮೊದ್ಲು ಯಜಮಾನ್ರು!"

ಹೇಳಿದ ಮೇಲೆ ಆಕೆಗೆ ನೆನಪಾಯಿತು. ಕೈ ತಾನಾಗಿ ಇಳಿಯಿತು, ಮುಖ ಬಿಳಿಚಿತು. "ಅಯ್ಯ ಶಿವನ, ತಪ್ಪಾತ್ರೀ, ರೂಢೀಲೇ ಬಾಯಿಗೆ ಬಂತು. ಬರ್ರಿ, ಬರ್ರಿ ಒಳಗ" ಎಂದು ಪಕ್ಕಕ್ಕೆ ಸರಿದಳು. ಕಣ್ಣಲ್ಲಿ ನೀರು.

ಇವರು ಒಳಗೆ ಬರಲಿಲ್ಲ. ದೀಪವನ್ನು ಮಗಳ ಕೈಗೆ ಕೊಟ್ಟರು. ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಡ್ರಾಯರಿನಲ್ಲಿರಬೇಕಾದ ಯಂತ್ರ ಜೇಬಿನಲ್ಲಿತ್ತು. ಯಾವಾಗ ತೆಗೆದುಕೊಂಡಿದ್ದರೋ, ಗ್ಯಾರೇಜಿನಲ್ಲಿ ಅಷ್ಟು ಹೊತ್ತು ಏನು ಮಾಡುತ್ತಿದ್ದರೋ, ನನಗೆ ಆಗ ಹೊಳೆಯಿತು. ಸ್ಕಾರ್ಫ್ ಸರಿಸಿದರು. ಕುತ್ತಿಗೆಗೆ ಅದನ್ನು ಒತ್ತಿ ಹಿಡಿದು, ಅವತ್ತಿನ ಹಾಗೆಯೇ ಕಣ್ಣು ಮುಚ್ಚಿದರು.

ಒಂದೇ ಸ್ವರದಲ್ಲಿ ಅದೇ ಪಲ್ಲವಿ ಬಂತು. ರಾಗವಿಲ್ಲ, ಗೊಗ್ಗರಿಲ್ಲ, ಬೇಡಿಕೊಳ್ಳುವುದಿಲ್ಲ. ಲಯ ಮಾತ್ರ ತಪ್ಪಲಿಲ್ಲ. ಹೆಣ್ಣನ್ನು ಕರೆಯುವ ಜಾಗ ಬಂತು. ಅಲ್ಲಿ ನನ್ನ ಹೆಸರು ಬಂತು, ನಾಲ್ಕೂ ಅಕ್ಷರ, ಒಂದೊಂದೂ ಬಿಡಿಬಿಡಿಯಾಗಿ.

ಮಗಳ ಗೆಳೆಯರು ಇದು ನಮ್ಮ ಯಾವುದೋ ಮಂತ್ರವೆಂದುಕೊಂಡು ತಲೆ ಬಗ್ಗಿಸಿದ್ದರು. ಮಗಳಿಗೆ ಹಾಡು ಗೊತ್ತಾಯಿತು, ಬಾಯಿ ಮುಚ್ಚಿಕೊಂಡಳು. ನನಗೆ ಅಳು ಬಂತು, ಈ ಸಲ ನಿಜವಾಗಿ ಬಂತು, ಕೊಡದ ನೀರು ತುಳುಕಿ ಸೀರೆಯೆಲ್ಲ ಒದ್ದೆಯಾಯಿತು. ಹ್ಯೂಸ್ಟನ್ ದಾರಿಯಲ್ಲಿ ಕೊಡಲೊಲ್ಲದ್ದನ್ನು ಇಷ್ಟು ತಡ ಮಾಡಿ ಕೊಟ್ಟದ್ದಕ್ಕೆ ಸಿಟ್ಟೂ ಇತ್ತು. ಆದರೆ ಕಡೆಯ ಸಲ ಕರೆದ ಹಾಗೆ ಅದು ಇರಲಿಲ್ಲ. ಮೊದಲ ಸಲ ಕರೆದ ಹಾಗಿತ್ತು.

"ಈಗ ನಿಮ್ಮ ಪಾಳಿ ನೋಡ್ರಿ" ಎಂದಳು ಆಂಟಿ, ಮೂಗು ಒರೆಸಿಕೊಳ್ಳುತ್ತ. ನಾನೂ ಹೇಳಿದೆ. ಅಕ್ಕ ಕಲಿಸಿದ ಬೆಳ್ಳಿ ಬಟ್ಟಲಿನದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಾಯಲ್ಲಿ ಹೇಳುವುದೇ ಬೇರೆ, ಬರೆಯುವುದೇ ಬೇರೆ.

ಮರುದಿನ ಅಲೆನ್‌ಗೆ ಹೊರಟೆವು. ನಾನು ದಣಿದಿದ್ದೆ, ಇವರೂ ದಣಿದಿದ್ದರು. ಊರು ದಾಟಿದ ಮೇಲೆ ನಿದ್ದೆ ಬಾರದಿರಲೆಂದು ರೇಡಿಯೋ ಹಾಕಿದೆ. ಒಂದೆರಡು ಜಾಹೀರಾತು ಮುಗಿದು ಆ ಹೆಂಗಸಿನ ಹಾಡು ಶುರುವಾಯಿತು, ಯಂತ್ರದ ಡ್ರಮ್ಮು, ಯಂತ್ರದ ಪಿಟೀಲು. ಪಕ್ಕದಲ್ಲಿ ಇವರು ಜೇಬಿಗೆ ಕೈ ಹಾಕುವುದು ಕಾಣಿಸಿತು. ಗುಂಯ್ ಎಂದಿತು. ನನ್ನ ಹೆಸರು ಹಿಡಿದು ಕರೆದರು, ಆಮೇಲೆ, "ಬಂದ್ ಮಾಡು ಅದನ್ನ" ಎಂದರು.

ನಾನು ಬಂದ್ ಮಾಡಲಿಲ್ಲ. ಕೇಳಿಸದವಳ ಹಾಗೆ ರಸ್ತೆ ನೋಡುತ್ತ ಡ್ರೈವ್ ಮಾಡಿದೆ, ಇನ್ನೊಮ್ಮೆ ಕರೆಯಲಿ ಎಂದು.